ಸಿಡಿಲಿಗೆ ಊರಿನ ಲೆಕ್ಕ: ಓದುಗರ ಪ್ರಶ್ನೆ, ನಮ್ಮ ಉತ್ತರ

ಅಶ್ವಿನಿ, ಭರಣಿ ಮಳೆ ಹತ್ತಿರ ಬಂದಂತೆ ಸಿಡಿಲಿನ ಪ್ರಶ್ನೆಗಳೂ ಬರುತ್ತವೆ. ಈ ಸಲ ಮಂಡ್ಯ, ಮೈಸೂರು ಜಿಲ್ಲೆಗಳಿಂದ ಬಂದ ಆರನ್ನು ಎತ್ತಿಕೊಂಡಿದ್ದೇವೆ. ಮೊದಲನೆಯದಕ್ಕೆ ಹೆಚ್ಚು ಜಾಗ ಹೋಗಿದೆ. ಮಿಕ್ಕವನ್ನು ಓದುವಾಗಲೂ ಅದರ ಲೆಕ್ಕ ಬೇಕಾಗುತ್ತದೆ.

ಪ್ರಶ್ನೆ: ಪಂಚಾಯಿತಿಯ ವಿಪತ್ತು ನಿರ್ವಹಣಾ ಯೋಜನೆಯಲ್ಲಿ ಸಿಡಿಲಿನ ಅಪಾಯ ಎಷ್ಟಿದೆ ಎಂದು ಬರೆಯಬೇಕಾಗಿದೆ. ಹತ್ತು ವರ್ಷದಲ್ಲಿ ನಮ್ಮಲ್ಲಿ ಸಿಡಿಲಿಗೆ ಯಾರೂ ತೀರಿಕೊಂಡಿಲ್ಲ. ‘ಅಪಾಯ ಕಡಿಮೆ’ ಎಂದು ಬರೆದು ಮುಗಿಸಬಹುದೆ? ಇಲ್ಲವಾದರೆ ಅಳೆಯುವುದು ಹೇಗೆ?
— ಗ್ರಾಮ ಪಂಚಾಯಿತಿ ಸದಸ್ಯರು, ನಾಗಮಂಗಲ ತಾಲ್ಲೂಕು

ಮುಗಿಸಬೇಡಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕದಲ್ಲಿ 2022ರಲ್ಲಿ ದೇಶದಲ್ಲಿ ಸಿಡಿಲಿಗೆ ಬಲಿಯಾದವರು 2,887 ಮಂದಿ. ಜನಸಂಖ್ಯೆಗೆ ಹಂಚಿದರೆ ಹತ್ತು ಲಕ್ಷಕ್ಕೆ ಇಬ್ಬರು. ನಿಮ್ಮ ಪಂಚಾಯಿತಿಯಲ್ಲಿ 6,000 ಜನ ಇದ್ದರೆ ಈ ದರದಲ್ಲಿ 80 ವರ್ಷಕ್ಕೊಂದು ಸಾವು ಬರುತ್ತದೆ. ಸಾಯುವವರಲ್ಲಿ ಬಹುಪಾಲು ಹಳ್ಳಿಯವರು ಎಂದು ದುಪ್ಪಟ್ಟು ಹಿಡಿದರೂ 40 ವರ್ಷಕ್ಕೊಂದು. ಅಂದಮೇಲೆ ಹತ್ತು ವರ್ಷ ಯಾರೂ ಸಾಯದೇ ಇರುವುದು ಅಪಾಯವಿರುವ ಊರಲ್ಲೂ ಮಾಮೂಲೇ. ಸಾವಿನ ಪಟ್ಟಿಯಿಂದ ಜಿಲ್ಲೆಯನ್ನು ಅಳೆಯಬಹುದು, ರಾಜ್ಯವನ್ನು ಅಳೆಯಬಹುದು. ಒಂದು ಪಂಚಾಯಿತಿಯನ್ನು ಅಳೆಯಲು ಆಗುವುದಿಲ್ಲ.

ಹಾಗಾದರೆ ಸಿಡಿಲು ಬೀಳುವುದನ್ನೇ ಎಣಿಸೋಣ ಎನ್ನುತ್ತೀರಿ. ಅದಕ್ಕೊಂದು ಒರಟು ಸೂತ್ರ ಇದೆ: ವರ್ಷದಲ್ಲಿ ಗುಡುಗು ಕೇಳಿಸಿದ ದಿನಗಳನ್ನು ಹತ್ತರಿಂದ ಭಾಗಿಸಿದರೆ, ಒಂದು ಚದರ ಕಿಲೋಮೀಟರಿಗೆ ವರ್ಷಕ್ಕೆ ಎಷ್ಟು ಸಿಡಿಲು ನೆಲ ಮುಟ್ಟುತ್ತದೆ ಎಂಬ ಅಂದಾಜು ಸಿಗುತ್ತದೆ. 30 ದಿನ ಗುಡುಗಿದರೆ ಸಾಂದ್ರತೆ 3. ನಿಮ್ಮ ಪಂಚಾಯಿತಿ 20 ಚದರ ಕಿ.ಮೀ. ಇದ್ದರೆ ವರ್ಷಕ್ಕೆ 60 ಸಿಡಿಲು ನಿಮ್ಮ ಎಲ್ಲೆಯೊಳಗೇ ಬೀಳುತ್ತವೆ. ಯಾರೂ ಸಾಯದ ಹತ್ತು ವರ್ಷದಲ್ಲಿ ಬಿದ್ದದ್ದು 600. ಸಭೆಯಲ್ಲಿ ಈ ಒಂದು ಸಂಖ್ಯೆ ಹೇಳಿ ನೋಡಿ.

ಉಪಗ್ರಹದ ಮಿಂಚಿನ ನಕ್ಷೆ ತಂದು ಯಾರಾದರೂ ಮುಂದಿಟ್ಟರೆ ಎರಡು ವಿಷಯ ಕೇಳಿ. ಒಂದು, ಅದರ ಚೌಕ ಎಷ್ಟು ದೊಡ್ಡದು? ಸಾಮಾನ್ಯವಾಗಿ ಸಿಗುವ ಅರ್ಧ ಡಿಗ್ರಿ ನಕ್ಷೆಯ ಚೌಕದ ಒಂದು ಬದಿಯೇ ಸುಮಾರು 55 ಕಿ.ಮೀ.; ಮಂಡ್ಯದಿಂದ ಮೈಸೂರಿಗೆ ಇರುವುದು 45. ಪಕ್ಕದ ಪಂಚಾಯಿತಿಗೂ ನಿಮಗೂ ವ್ಯತ್ಯಾಸ ಅದರಲ್ಲಿ ಕಾಣುವುದಿಲ್ಲ. ಎರಡು, ಉಪಗ್ರಹ ಮೋಡದೊಳಗಿನ ಮಿಂಚನ್ನೂ ಎಣಿಸುತ್ತದೆ. ನೆಲ ಮುಟ್ಟುವುದು ಅದರಲ್ಲಿ ಕಾಲುಭಾಗದ ಆಸುಪಾಸು.

ನಿಜ ಹೇಳಬೇಕೆಂದರೆ, ಪಕ್ಕಪಕ್ಕದ ಊರುಗಳ ನಡುವೆ ಸಿಡಿಲಿನ ಸಾಂದ್ರತೆ ಅಷ್ಟೇನೂ ಬದಲಾಗುವುದಿಲ್ಲ. ಬದಲಾಗುವುದು ಎರಡು: ಗುಡುಗುವ ಹೊತ್ತಿನಲ್ಲಿ ಬಯಲಲ್ಲಿ ಎಷ್ಟು ಜನ ಇರುತ್ತಾರೆ, ಅವರಿಗೆ ಗಟ್ಟಿ ಆಸರೆ ಎಷ್ಟು ದೂರ. ನಿಮ್ಮ ಶ್ರಮವೆಲ್ಲ ಇಲ್ಲಿ ಹೋಗಲಿ.

ಗ್ರಾಮನಕ್ಷೆ ತೆಗೆದುಕೊಂಡು ಊರನ್ನು ಸರ್ವೆ ನಂಬರಿನ ಗಡಿ ನೋಡದೆ ಜನ ಹೇಳುವ ಹೆಸರಿನಂತೆ ಹತ್ತು-ಹನ್ನೆರಡು ತುಂಡು ಮಾಡಿ: ಕೆರೆ ಅಂಗಳ, ಗೋಮಾಳ, ಮೇಲಿನ ಹೊಲ, ತೋಟದ ಸಾಲು, ಡೇರಿ ರಸ್ತೆ. ನಮ್ಮ ಕಡೆ ಸಿಡಿಲಿನ ಕಾಲ ಎರಡು. ಏಪ್ರಿಲ್-ಮೇ ಒಂದು, ಹಿಂಗಾರಿನ ಸೆಪ್ಟೆಂಬರ್-ಅಕ್ಟೋಬರ್ ಇನ್ನೊಂದು. ಜುಲೈ ಸೋನೆಯಲ್ಲಿ ಗುಡುಗು ಕಡಿಮೆ. ಎರಡೂ ಕಾಲಕ್ಕೆ ಬೇರೆ ಬೇರೆ ಹಾಳೆ ಇಡಿ, ಏಕೆಂದರೆ ಕೆಲಸ ಬೇರೆ. ದಿನವನ್ನು 12ರಿಂದ 3, 3ರಿಂದ 5, 5ರಿಂದ 7, 7ರಿಂದ 9 ಎಂದು ಒಡೆದು, ಪ್ರತಿ ತುಂಡಿನಲ್ಲಿ ಆ ಹೊತ್ತು ಸಾಮಾನ್ಯವಾಗಿ ಇರುವ ತಲೆ ಎಣಿಸಿ. ತಲೆಯನ್ನು ಗಂಟೆಯಿಂದ ಗುಣಿಸಿದರೆ ಆಳುಗಂಟೆ. ಆಶಾ ಕಾರ್ಯಕರ್ತೆ, ನೀರಗಂಟಿ, ಡೇರಿ ಕಾರ್ಯದರ್ಶಿ, ಕುರಿ ಮೇಯಿಸುವ ಒಬ್ಬರು ಒಟ್ಟಿಗೆ ಕುಳಿತರೆ ಒಂದು ಮಧ್ಯಾಹ್ನದ ಕೆಲಸ.

ಇನ್ನು ದೂರ. ಮೊದಲ ಗುಡುಗು ಕೇಳಿದಾಗ ಮೋಡ ಸುಮಾರು 10 ಕಿ.ಮೀ. ಆಚೆ ಇದೆ, ಗಂಟೆಗೆ 30 ಕಿ.ಮೀ. ವೇಗದಲ್ಲಿ ಬರುತ್ತಿದೆ ಎಂದುಕೊಂಡರೆ ನಿಮಗೆ 20 ನಿಮಿಷ. ಗುದ್ದಲಿ, ಬುತ್ತಿ ಎತ್ತಿಕೊಂಡು ಹೊರಡಲು ಐದು ನಿಮಿಷ ಕಳೆಯಿರಿ. ಬದುವಿನ ಮೇಲೆ ಗಂಟೆಗೆ 3 ಕಿ.ಮೀ. ನಡೆದರೆ 15 ನಿಮಿಷಕ್ಕೆ 750 ಮೀಟರ್. ವಯಸ್ಸಾದವರು, ಎತ್ತು-ಹಸು ಜೊತೆಗಿದ್ದವರು ಅಷ್ಟೂ ಹೋಗಲಾರರು. ಮೋಡಕ್ಕಿಂತ ಹತ್ತು ಕಿಲೋಮೀಟರ್ ಮುಂದೆಯೂ ಸಿಡಿಲು ಬೀಳುವುದುಂಟು, ಆದ್ದರಿಂದ ಈ 20 ನಿಮಿಷವೂ ಖಾತ್ರಿಯಲ್ಲ. ಹೀಗಾಗಿ ಆಸರೆ 300 ಮೀಟರಿನೊಳಗಿದ್ದರೆ 1 ಅಂಕ, 700ರವರೆಗೆ 2, ಅದಕ್ಕೂ ಆಚೆ 4 ಎಂದು ಕೊಟ್ಟು ಆಳುಗಂಟೆಗೆ ಗುಣಿಸಿ. ಈ ಅಂಕಗಳು ನಾವು ಸೂಚಿಸುತ್ತಿರುವವು, ಯಾವ ಮಾನದಂಡದ್ದೂ ಅಲ್ಲ. ಆದರೆ ಮೊದಲು ಎಲ್ಲಿ ಕೈಹಾಕಬೇಕು ಎಂದು ತಿಳಿಯಲು ಸಾಕು. ಉದಾಹರಣೆಗೆ, ಕೆರೆ ಹೂಳೆತ್ತುವ ಉದ್ಯೋಗ ಖಾತ್ರಿ ಕೆಲಸದಲ್ಲಿ 60 ಜನ ಮಧ್ಯಾಹ್ನ ಮೂರು ಗಂಟೆ ಇದ್ದು, ಊರು ಒಂದು ಕಿಲೋಮೀಟರ್ ದೂರವಾದರೆ 60×3×4 = 720. ಊರ ಪಕ್ಕದ ಹೊಲದಲ್ಲಿ 12 ಜನ ನಾಲ್ಕು ಗಂಟೆ ಇದ್ದರೆ 48. ಎರಡೂ ಕಡೆ ಬೀಳುವ ಸಿಡಿಲು ಒಂದೇ, ಆದರೆ ಅಪಾಯ ಹದಿನೈದು ಪಟ್ಟು. ಬೇಸಿಗೆಯಲ್ಲಿ ಆ ಕೆಲಸವನ್ನು ಬೆಳಗಿನ 6ರಿಂದ 11ಕ್ಕೆ ಸರಿಸಿದರೆ 720 ಸೊನ್ನೆಯ ಹತ್ತಿರ ಬರುತ್ತದೆ. ಖರ್ಚಿಲ್ಲ.

ಆಸರೆ ಎಂದರೆ ಏನು ಎಂಬಲ್ಲೇ ಹೆಚ್ಚು ತಪ್ಪಾಗುತ್ತದೆ. ಕಬ್ಬಿಣ ಹಾಕಿದ ಆರ್‌ಸಿಸಿ ತಾರಸಿ, ನಾಲ್ಕು ಗೋಡೆ, ವೈರಿಂಗು, ನೀರಿನ ಪೈಪು ಇರುವ ಕಟ್ಟಡ ಆಸರೆ. ಗಾಜು ಏರಿಸಿದ ಬಸ್ಸು, ಕಾರು ಆಸರೆ. ಗರಿ ಚಪ್ಪರ, ಕಂಬದ ಮೇಲಿನ ತಗಡಿನ ಶೀಟು, ಆಟೊ, ಕ್ಯಾಬಿನ್ ಇಲ್ಲದ ಟ್ರ್ಯಾಕ್ಟರ್, ಅರಳಿಕಟ್ಟೆ ಯಾವುದೂ ಅಲ್ಲ. ಮುಂದುಗಡೆ ತೆರೆದ ಬಸ್ ತಂಗುದಾಣ ಮಳೆಗೆ ಸರಿ, ಸಿಡಿಲಿಗೆ ಆಸರೆಯಲ್ಲ. ಪಂಪ್‌ಸೆಟ್ ಮನೆಯೊಳಗೆ ಸ್ಟಾರ್ಟರ್ ಬಾಕ್ಸಿಗೆ ಕಂಬದ ತಂತಿ ನೇರ ಬಂದಿರುತ್ತದೆ; ಗುಡುಗುವಾಗ ಮೂರು ಫೇಸ್ ಬಂತೆಂದು ಹೋಗಿ ಹ್ಯಾಂಡಲ್ ಎಳೆಯುವುದಕ್ಕಿಂತ ಕೆಟ್ಟ ಸಮಯ ಇಲ್ಲ. ನಕ್ಷೆಯಲ್ಲಿ ಸರ್ಕಾರಿ ಶಾಲೆಯನ್ನು ಆಸರೆ ಎಂದು ಹಸಿರು ಬಣ್ಣ ಹಚ್ಚುವ ಮುನ್ನ ಕೀಲಿ ಯಾರ ಹತ್ತಿರ ಎಂದು ಕೇಳಿ. ಏಪ್ರಿಲ್-ಮೇನಲ್ಲಿ, ಸಿಡಿಲು ಜೋರಾಗಿರುವ ಹೊತ್ತಿಗೇ, ಶಾಲೆಗೆ ಬೇಸಿಗೆ ರಜೆ. ಎರಡನೇ ಕೀಲಿ ಹತ್ತಿರದ ಮನೆಯಲ್ಲಿರಲಿ, ಆ ಮನೆಯ ಗುರುತು ನಕ್ಷೆಯಲ್ಲಿರಲಿ.

ಲೆಕ್ಕ ಸರಿಯೇ ಎಂದು ತಾಳೆ ನೋಡಲು ಸಾವಿಗಿಂತ ಹೆಚ್ಚು ಸಿಗುವ ಗುರುತುಗಳಿವೆ: ಸತ್ತ ದನಕರು, ಸುಟ್ಟ ತೆಂಗು, ಸುಟ್ಟ ಟ್ರಾನ್ಸ್‌ಫಾರ್ಮರ್. ಪಶು ಆಸ್ಪತ್ರೆ, ಸೆಸ್ಕ್‌ನ ಶಾಖಾ ಕಚೇರಿ, ತಹಶೀಲ್ದಾರರ ಪರಿಹಾರದ ಕಡತ ಮೂರನ್ನೂ ನೋಡಿ. ಟ್ರಾನ್ಸ್‌ಫಾರ್ಮರ್ ಎಲ್ಲವೂ ಸಿಡಿಲಿಗೇ ಸುಡುವುದಿಲ್ಲ, ಓವರ್‌ಲೋಡಿಗೂ ಸುಡುತ್ತದೆ; ತಾರೀಕು ಗುಡುಗಿದ ದಿನದ್ದೇ ಎಂದು ಹೊಂದಿಸಿಕೊಳ್ಳಿ.

ಪ್ರಶ್ನೆ: ಮರದ ಕೆಳಗೆ ನಿಂತಿದ್ದ ಕುರಿಗಳು ಒಂದೇ ಸಿಡಿಲಿಗೆ ಒಟ್ಟಿಗೆ ಸಾಯುತ್ತವೆ. ಸಿಡಿಲು ಬಿದ್ದದ್ದು ಮರಕ್ಕೆ. ಹತ್ತು ಮೀಟರ್ ಆಚೆ ಇದ್ದವೂ ಸಾಯುವುದು ಹೇಗೆ? ಅಷ್ಟೇ ದೂರದ ಮನುಷ್ಯ ಬದುಕುವುದೂ ಉಂಟಲ್ಲ?
— ಕೃಷ್ಣರಾಜಪೇಟೆ ತಾಲ್ಲೂಕು

ಸಿಡಿಲಿಗೆ ಸಿಕ್ಕವರಲ್ಲಿ ನೇರವಾಗಿ ಮೈಮೇಲೆ ಬಿದ್ದವರು ನೂರಕ್ಕೆ ಮೂರರಿಂದ ಐದು. ಅರ್ಧದಷ್ಟು ಜನರಿಗೆ ತಗಲುವುದು ನೆಲದಲ್ಲಿ ಹರಿದ ಕರೆಂಟು, ಮೂರನೇ ಒಂದರಷ್ಟು ಜನರಿಗೆ ಮರದಿಂದ ಪಕ್ಕಕ್ಕೆ ಹಾರಿದ ಕಿಡಿ.

ಸಿಡಿಲಿನ ಕರೆಂಟು ಮರದ ಬುಡದಿಂದ ಸುತ್ತಲೂ ಹರಡುವಾಗ ನೆಲದ ಒಂದೊಂದು ಬಿಂದುವಿಗೂ ವೋಲ್ಟೇಜ್ ಬೇರೆ. ಎರಡು ಕಾಲು ಊರಿದ ಜಾಗಗಳ ನಡುವಿನ ವ್ಯತ್ಯಾಸ ಮೈಯೊಳಗೆ ಹರಿಯುತ್ತದೆ. 30,000 ಆಂಪಿಯರಿನ ಸಾಧಾರಣ ಸಿಡಿಲು, 100 ಓಂ-ಮೀಟರ್ ನಿರೋಧದ ನೆಲ, 10 ಮೀಟರ್ ದೂರ ಹಿಡಿದು ಲೆಕ್ಕ ಹಾಕಿ. ಕಾಲುಗಳ ಅಂತರ ಅರ್ಧ ಮೀಟರ್ ಇರುವ ಮನುಷ್ಯನಿಗೆ ಬರುವುದು ಸುಮಾರು 2,300 ವೋಲ್ಟ್. ಮುಂಗಾಲಿಂದ ಹಿಂಗಾಲಿಗೆ ಒಂದೂವರೆ ಮೀಟರ್ ಇರುವ ಹಸುವಿಗೆ ಸುಮಾರು 6,200. ನಿಮ್ಮ ಕಡೆಯ ಒಣ ಕೆಂಪು ಜಲ್ಲಿ ನೆಲದ ನಿರೋಧ ಐದು ಪಟ್ಟಿದ್ದರೆ ಇವೂ ಐದು ಪಟ್ಟು. ಮನುಷ್ಯನಲ್ಲಿ ಕರೆಂಟು ಒಂದು ಕಾಲಿಂದ ಏರಿ ಇನ್ನೊಂದರಿಂದ ಇಳಿಯುತ್ತದೆ, ಎದೆಯ ಪಾಲು ಕಡಿಮೆ. ನಾಲ್ಕು ಕಾಲಿನ ಪ್ರಾಣಿಗೆ ಮುಂಗಾಲು-ಹಿಂಗಾಲಿನ ನಡುವೆಯೇ ಹೃದಯ. ಕುರಿಯ ಕಾಲಂತರ ಮನುಷ್ಯನದಕ್ಕಿಂತ ಅಷ್ಟೇನೂ ಹೆಚ್ಚಿಲ್ಲ, ಆದರೂ ಈ ಕಾರಣಕ್ಕೇ ಸಾಯುತ್ತದೆ. ಬಂಡೂರು ಕುರಿಯಂಥ ಗಿಡ್ಡ ತಳಿಗೂ ಇದರಿಂದ ರಿಯಾಯಿತಿ ಇಲ್ಲ.

ಮಂದೆ ಮಳೆಗೆ ತಾನಾಗಿಯೇ ಮರದಡಿ ಒತ್ತೊತ್ತಾಗಿ ಸೇರುವುದರಿಂದ ಒಂದೇ ಏಟಿಗೆ ಎಲ್ಲ ಹೋಗುತ್ತವೆ. ಸಿಡಿಲಿನ ಕಾಲದಲ್ಲಿ ಮಧ್ಯಾಹ್ನ ಮೂರರೊಳಗೆ ಹಟ್ಟಿಯ ಕಡೆ ತಿರುಗಿಸಿ. ಆಗದಿದ್ದರೆ ಒಂಟಿಮರ ಇಲ್ಲದ ತಗ್ಗಿಗೆ ಅಟ್ಟಿ, ಚದುರಿರಲಿ. ತಂತಿಬೇಲಿಗೆ ಆನಿಸಬೇಡಿ: ನೂರಾರು ಮೀಟರ್ ಆಚೆ ಬೇಲಿಗೆ ಬಿದ್ದ ಸಿಡಿಲು ತಂತಿ ಹಿಡಿದು ಬರುತ್ತದೆ. ನೀವು ಮಂದೆ ಬಿಟ್ಟು ಕಟ್ಟಡದ ಕಡೆ ನಡೆಯಿರಿ. ಸತ್ತ ಕುರಿಗಳನ್ನು ಪಶುವೈದ್ಯರ ಮರಣೋತ್ತರ ಪರೀಕ್ಷೆ, ಪಂಚನಾಮೆ ಮುಗಿಯುವ ಮೊದಲು ಹೂಳಬೇಡಿ. ಪರಿಹಾರದ ಅರ್ಜಿ ನಿಲ್ಲುವುದೇ ಆ ಎರಡು ಕಾಗದದ ಮೇಲೆ.

ಪ್ರಶ್ನೆ: ‘ಈ ಒಂದು ಅರೆಸ್ಟರ್ ಹಾಕಿಸಿದರೆ ಸುತ್ತ ನೂರು ಮೀಟರ್ ರಕ್ಷಣೆ’ ಎಂದು ಮಾರಾಟದವರು ಶಾಲೆಗೆ ಬಂದಿದ್ದರು. ದಾನಿಗಳು ದುಡ್ಡು ಕೊಡಲು ಸಿದ್ಧರಿದ್ದಾರೆ. ಹಾಕಿಸೋಣವೆ?
— ಶಾಲಾಭಿವೃದ್ಧಿ ಸಮಿತಿ ಸದಸ್ಯರು, ಮಳವಳ್ಳಿ ತಾಲ್ಲೂಕು

ಆ ಮಾತನ್ನು ನಂಬಿ ಹಾಕಿಸಬೇಡಿ. ನಮ್ಮ ದೇಶದ ಮಾನದಂಡ ಐಎಸ್/ಐಇಸಿ 62305. ಅರೆಸ್ಟರ್, ಅಂದರೆ ಸಿಡಿಲನ್ನು ಹಿಡಿದು ನೆಲಕ್ಕಿಳಿಸುವ ಸಲಾಕೆಯ ರಕ್ಷಣೆಯನ್ನು ಅದರ ನಿಜವಾದ ಎತ್ತರ, ಅಳತೆಯಿಂದಲೇ ಲೆಕ್ಕ ಹಾಕಬೇಕು ಎನ್ನುತ್ತದೆ ಅದು. ತಲೆಯಲ್ಲಿ ವಿಶೇಷ ಸಾಧನ ಇದೆ ಎಂಬ ಕಾರಣಕ್ಕೆ ವಿಸ್ತಾರ ಹೆಚ್ಚುವುದಿಲ್ಲ. 4 ಮೀಟರ್ ಕಟ್ಟಡದ ಮೇಲೆ 6 ಮೀಟರ್ ಸಲಾಕೆ ನಿಲ್ಲಿಸಿದರೆ ಒಟ್ಟು ಎತ್ತರ 10. ಮೂರನೇ ದರ್ಜೆಯ ರಕ್ಷಣೆಗೆ 45 ಮೀಟರ್ ತ್ರಿಜ್ಯದ ಕಾಲ್ಪನಿಕ ಗೋಲವನ್ನು ಸಲಾಕೆಗೆ ತಾಗುವಂತೆ ಉರುಳಿಸಿ ನೋಡಿದರೆ ನೆಲದ ಮಟ್ಟದಲ್ಲಿ ರಕ್ಷಣೆ ಸಿಗುವುದು ಸುತ್ತ 28 ಮೀಟರ್. ಆ 28ರೊಳಗೂ ನೆಲದ ಕರೆಂಟಿನಿಂದ ರಕ್ಷಣೆ ಇಲ್ಲ, ಆಟದ ಮೈದಾನದ ಮಕ್ಕಳು ಒಳಗೆ ಹೋಗಲೇಬೇಕು.

ಶಾಲೆಗೆ ಸಿಡಿಲು ಬೀಳುವ ಸಂಭವ ಎಷ್ಟು ಎಂದು ಮೊದಲು ನೋಡಿ. ಅದೇ ಮಾನದಂಡದ ಲೆಕ್ಕ, ಮೀಟರಿನಲ್ಲಿ: ಉದ್ದ × ಅಗಲ, ಅದಕ್ಕೆ 6 × ಎತ್ತರ × (ಉದ್ದ + ಅಗಲ) ಕೂಡಿ, ಮತ್ತೆ 28.3 × ಎತ್ತರ × ಎತ್ತರ ಕೂಡಿ. 30 ಮೀಟರ್ ಉದ್ದ, 8 ಅಗಲ, 4 ಎತ್ತರದ ಶಾಲೆಗೆ ಸುಮಾರು 1,605 ಚದರ ಮೀಟರ್. ಸಾಂದ್ರತೆ 3ರಿಂದ ಗುಣಿಸಿ ಹತ್ತು ಲಕ್ಷದಿಂದ ಭಾಗಿಸಿದರೆ 0.0048, ಅಂದರೆ ಬಯಲಲ್ಲಿ ಒಂಟಿಯಾಗಿದ್ದರೂ 200 ವರ್ಷಕ್ಕೊಮ್ಮೆ. ಸುತ್ತ ಅಷ್ಟೇ ಎತ್ತರದ ಮನೆಗಳಿದ್ದರೆ ಇದರರ್ಧ, ಗುಡ್ಡದ ನೆತ್ತಿಯಲ್ಲಿದ್ದರೆ ದುಪ್ಪಟ್ಟು. ಹೋಲಿಕೆಗೆ, 15 ಮೀಟರ್ ಎತ್ತರದ ಒಂದು ಎಕರೆ ತೆಂಗಿನ ತೋಟಕ್ಕೆ ಇದೇ ಲೆಕ್ಕ 15 ವರ್ಷಕ್ಕೊಮ್ಮೆ ಎನ್ನುತ್ತದೆ. ಗುಡ್ಡದ ಮೇಲಿನ 30 ಮೀಟರ್ ಟವರಿಗೆ ಆರೂವರೆ ವರ್ಷಕ್ಕೊಮ್ಮೆ. ತೋಟದಲ್ಲಿ ಒಂದು ಮರಕ್ಕೆ ಬಡಿದರೆ ಅಕ್ಕಪಕ್ಕದವೂ ಕೆಲವು ವಾರದಲ್ಲಿ ಸುಳಿ ಬಾಗಿ ಒಣಗುವುದನ್ನು ನಿಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ.

ದಾನಿಗಳ ದುಡ್ಡು ಇದೆ, ಶಾಲೆ ದಿಬ್ಬದ ಮೇಲಿದೆ ಎಂದಾದರೆ ಹಾಕಿಸಿ, ಸರಿಯಾಗಿ ಹಾಕಿಸಿ. ತಾರಸಿಯ ಅಂಚಿಗೆ ಸುತ್ತಲೂ ಪಟ್ಟಿ, ಮೂಲೆಗಳಲ್ಲಿ ಸಣ್ಣ ಸಲಾಕೆ. ತಾರಸಿಯಿಂದ ನೆಲಕ್ಕೆ ಹೋಗುವ ಇಳಿಪಟ್ಟಿಗೆ ಅಡ್ಡಕೊಯ್ತ 50 ಚದರ ಮಿಲಿಮೀಟರಿಗೆ ಕಡಿಮೆ ಬೇಡ, 25×3 ಮಿ.ಮೀ. ಜಿಐ (ಸತು ಲೇಪಿಸಿದ ಕಬ್ಬಿಣ) ಪಟ್ಟಿ 75 ಆಗುತ್ತದೆ. ಮೂರನೇ ದರ್ಜೆಯಲ್ಲಿ ಇಳಿಪಟ್ಟಿಗಳ ಅಂತರ 15 ಮೀಟರ್, ನಿಮ್ಮ ಶಾಲೆಯ ಸುತ್ತಳತೆ ಮೇಲಿನಂತೆ 76 ಆದರೆ ಐದಾರು ಬೇಕು. ಊರುಗಳಲ್ಲಿ ಕಾಣುವುದು ಒಂದೇ ತಂತಿ, ಅದೂ ಸುತ್ತಿ ಬಳಸಿ ಇಳಿದದ್ದು. ಪ್ರತಿ ಇಳಿಪಟ್ಟಿಗೂ ಬುಡದಲ್ಲಿ ಅರ್ಥಿಂಗ್, ಒಟ್ಟು ನಿರೋಧ 10 ಓಂ ಒಳಗೆ, ಎಲ್ಲವೂ ಶಾಲೆಯ ಕರೆಂಟಿನ ಅರ್ಥಿಂಗಿಗೆ ಬೆಸೆದಿರಬೇಕು. ಬೆಸೆಯದೆ ಬೇರೆ ಇಟ್ಟರೆ ಎರಡರ ನಡುವೆ ಗೋಡೆಯೊಳಗೇ ಕಿಡಿ ಹಾರುತ್ತದೆ.

ಕೆಡುವುದು ಹೀಗೆ. ಇದ್ದಿಲು-ಉಪ್ಪು ತುಂಬಿದ ಗುಂಡಿ ಮಳೆಗಾಲದಲ್ಲಿ ಅಳೆದಾಗ 5 ಓಂ ತೋರಿಸುತ್ತದೆ. ಏಪ್ರಿಲ್‌ನಲ್ಲಿ ಒಣಗಿ ಎಷ್ಟೋ ಪಟ್ಟು ಏರಿರುತ್ತದೆ, ಸಿಡಿಲು ಬರುವುದು ಆಗ. ಅಳತೆಯನ್ನು ಮಾರ್ಚ್ ಕೊನೆಯಲ್ಲೇ ಮಾಡಿಸಿ. ಅದೇ ಉಪ್ಪು ಜಿಐ ಪೈಪನ್ನು ಕೆಲವು ವರ್ಷದಲ್ಲಿ ತಿಂದುಹಾಕುತ್ತದೆ. ತಾಮ್ರ-ಅಲ್ಯೂಮಿನಿಯಂ ನೇರ ಸೇರಿಸಿದ ಜೋಡಣೆ ಪುಡಿಯಾಗುತ್ತದೆ. ಅಲ್ಯೂಮಿನಿಯಂ ಪಟ್ಟಿಯನ್ನಂತೂ ಮಣ್ಣಿಗೆ ಇಳಿಸಲೇಬಾರದು. ತಾಮ್ರ ಕಳ್ಳತನವಾಗಿ ಮೇಲೆ ಸಲಾಕೆ ಮಾತ್ರ ಉಳಿದ ಕಟ್ಟಡಗಳಿವೆ, ಅದು ಏನೂ ಇಲ್ಲದ್ದಕ್ಕಿಂತ ಕೆಟ್ಟದ್ದು. ಇಳಿಪಟ್ಟಿಯ ಸುತ್ತ ಮೂರು ಮೀಟರಿನಲ್ಲಿ ಮಕ್ಕಳು ನಿಲ್ಲುವ ಜಾಗವಿದ್ದರೆ 15 ಸೆಂಟಿಮೀಟರ್ ದಪ್ಪ ಜಲ್ಲಿ ಹಾಸಿ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿಗೆ ಸಿಡಿಲು ಬಿದ್ದಿಲ್ಲ, ಆದರೂ ಟಿವಿ, ವೈಫೈ ಎರಡೂ ಸುಟ್ಟವು. ಎಂಸಿಬಿ ಬೀಳಲೂ ಇಲ್ಲ. ಮೊಬೈಲ್ ಬಳಸಿದ್ದರಿಂದ ಹೀಗಾಯಿತೆ?
— ಕುವೆಂಪುನಗರ, ಮೈಸೂರು

ಮೊಬೈಲಿನ ಪಾತ್ರವಿಲ್ಲ, ಚಾರ್ಜರಿಗೆ ಸಿಕ್ಕಿಸಿ ಮಾತಾಡಬೇಡಿ, ಅಷ್ಟೆ. ದೂರದಲ್ಲಿ ಬಿದ್ದ ಸಿಡಿಲು ಕರೆಂಟಿನ ಲೈನು, ಕೇಬಲ್ ಟಿವಿ ತಂತಿಗಳಲ್ಲಿ ಕ್ಷಣಮಾತ್ರದ ವೋಲ್ಟೇಜ್ ಎಬ್ಬಿಸುತ್ತದೆ. ಎಂಸಿಬಿ, ಸ್ಟೆಬಿಲೈಸರ್ ಅದನ್ನು ಗಮನಿಸುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಬೇಕಾದದ್ದು ಮನೆಯ ಕರೆಂಟು ಹಂಚುವ ಡಿಬಿ ಬಾಕ್ಸಿನೊಳಗೆ, ಇಂಥ ಹಠಾತ್ ವೋಲ್ಟೇಜ್ ತಡೆಯುವ ಎರಡನೇ ಬಗೆಯ ಎಸ್‌ಪಿಡಿ, ಸಾಮಾನ್ಯವಾಗಿ ಮೇಲೆ 40 ಕೆಎ ಎಂದು ಬರೆದದ್ದು. ಕಟ್ಟಡದ ಮೇಲೆ ಅರೆಸ್ಟರ್ ಇದ್ದರೆ ಮುಖ್ಯ ಪ್ಯಾನಲಿನಲ್ಲಿ ಮೊದಲ ಬಗೆಯದೂ ಬೇಕು. ಎಲೆಕ್ಟ್ರಿಷಿಯನ್ನರು ಮಾಡುವ ತಪ್ಪು ಒಂದೇ: ಜಾಗವಿಲ್ಲವೆಂದು ದೂರ ಕೂರಿಸಿ ಉದ್ದ ವೈರು ಎಳೆಯುವುದು. ಒಂದು ಮೀಟರ್ ವೈರಿಗೆ ಸುಮಾರು ಸಾವಿರ ವೋಲ್ಟ್ ಹೆಚ್ಚುವರಿ ಸೇರುತ್ತದೆ. ಒಟ್ಟು ಅರ್ಧ ಮೀಟರ್ ಮೀರಬಾರದು. ಆ ಸಾಧನದ ಮೇಲಿನ ಪುಟ್ಟ ಕಿಟಕಿ ಹಸಿರಿನಿಂದ ಕೆಂಪಾದರೆ ಕಾರ್ಟ್ರಿಡ್ಜ್ ಬದಲಿಸಿ. ಪ್ಲಗ್ ಕಿತ್ತಿಡುವುದಾದರೆ ಗುಡುಗು ಶುರುವಾಗುವ ಮೊದಲು, ನಡುವೆ ಅಲ್ಲ.

ಪ್ರಶ್ನೆ: ಸಿಡಿಲು ಬಡಿದವರನ್ನು ಮುಟ್ಟಬಾರದು, ಮೈಯಲ್ಲಿ ಕರೆಂಟಿರುತ್ತದೆ ಎನ್ನುತ್ತಾರೆ. ನಿಜವೆ?
— ಪಾಂಡವಪುರ

ಸುಳ್ಳು, ಈ ಸುಳ್ಳಿಗೆ ಜೀವ ಹೋಗುತ್ತದೆ. ಮೈಯಲ್ಲಿ ಕರೆಂಟು ಉಳಿಯುವುದಿಲ್ಲ. ಸಿಡಿಲಿಗೆ ಹೃದಯ ನಿಂತರೂ ಎಷ್ಟೋ ಸಲ ತಾನೇ ಮತ್ತೆ ಹೊಡೆದುಕೊಳ್ಳುತ್ತದೆ, ಉಸಿರು ಮಾತ್ರ ತಡವಾಗಿ ಬರುತ್ತದೆ; ಆ ನಡುವೆ ಗಾಳಿ ಸಿಗದೆ ಹೃದಯ ಎರಡನೇ ಸಲ ನಿಲ್ಲುತ್ತದೆ. ಹಲವರು ಬಿದ್ದಿದ್ದರೆ ನರಳುತ್ತಿರುವವರನ್ನು ಬಿಟ್ಟು ಅಲುಗಾಡದೆ ಬಿದ್ದವರ ಹತ್ತಿರ ಮೊದಲು ಹೋಗಿ. ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ, 5 ಸೆಂಟಿಮೀಟರ್ ಆಳಕ್ಕೆ ಒತ್ತಿ. ಪ್ರತಿ 30 ಒತ್ತಿಗೆ ಎರಡು ಸಲ ಬಾಯಿಂದ ಉಸಿರು ಕೊಡಿ. 108ಕ್ಕೆ ಇನ್ನೊಬ್ಬರು ಕರೆ ಮಾಡಲಿ. ಸಿಡಿಲು ಇನ್ನೂ ಹೊಡೆಯುತ್ತಿದ್ದರೆ ಎಳೆದುಕೊಂಡು ಮರೆಗೆ ಹೋಗಿ ಅಲ್ಲೇ ಮುಂದುವರಿಸಿ.

ಪ್ರಶ್ನೆ: ‘ದಾಮಿನಿ’ ಒಳ್ಳೆಯದೊ, ‘ಸಿಡಿಲು’ ಆ್ಯಪ್ ಒಳ್ಳೆಯದೊ? ನಮ್ಮಜ್ಜಿ ಗುಡುಗಿದಾಗ ಅರ್ಜುನನ ಹತ್ತು ಹೆಸರು ಹೇಳುತ್ತಾರೆ, ಅದನ್ನೂ ಸೇರಿಸಿ ಹೇಳಿ.
— ವಿದ್ಯಾರ್ಥಿನಿ, ಶ್ರೀರಂಗಪಟ್ಟಣ

‘ದಾಮಿನಿ’ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯದು, ನಿಮ್ಮ ಸುತ್ತ 20 ಮತ್ತು 40 ಕಿ.ಮೀ. ವೃತ್ತದಲ್ಲಿ ತೋರಿಸುತ್ತದೆ. ‘ಸಿಡಿಲು’ ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ್ದು. ಎರಡೂ ಇರಲಿ. 20 ಕಿ.ಮೀ. ವೃತ್ತದೊಳಗೆ ಬಂದಾಗಲೇ ಡೇರಿಯ ಮೈಕಿನಲ್ಲಿ ಕೂಗಿಸಿದರೆ ಬಯಲಿನವರಿಗೆ ಅರ್ಧ ಗಂಟೆಯಷ್ಟಾದರೂ ಸಿಗುತ್ತದೆ. ಸಂಜೆ ಹಾಲು ಹಾಕಲು ಜನ ಹೊರಡುವುದು ಗುಡುಗಿನ ಹೊತ್ತಿಗೇ, ಆದ್ದರಿಂದ ಡೇರಿಯಲ್ಲೇ ಒಬ್ಬರಿಗೆ ಈ ಕೆಲಸ ವಹಿಸುವುದು ಮೇಲು.

ನೆಟ್‌ವರ್ಕ್ ಸಿಗದ ಹಳ್ಳದಲ್ಲಿ ಅಜ್ಜಿಯ ಕ್ರಮವೇ ಸರಿ, ಸ್ವಲ್ಪ ತಿದ್ದಿದರೆ. ಹೆಸರು ಹೇಳಲು ಗುಡುಗಿಗೆ ಕಾಯದೆ ಮಿಂಚು ಕಂಡ ಕೂಡಲೆ ಶುರುಮಾಡಲಿ, ಗುಡುಗು ಕೇಳಿದಾಗ ನಿಲ್ಲಿಸಲಿ. ಶಬ್ದ ಒಂದು ಕಿಲೋಮೀಟರ್ ಬರಲು ಮೂರು ಸೆಕೆಂಡು. ಅಜ್ಜಿಗೆ ಹತ್ತು ಹೆಸರಿಗೆ ಎಷ್ಟು ಸೆಕೆಂಡು ಹಿಡಿಯುತ್ತದೆ ಎಂದು ಗಡಿಯಾರ ಹಿಡಿದು ಒಮ್ಮೆ ನೋಡಿಟ್ಟುಕೊಳ್ಳಿ. ಮೂವತ್ತು ಸೆಕೆಂಡಿನೊಳಗೆ ಗುಡುಗಿದರೆ ಒಳಗೆ ನಡೆಯಿರಿ, ಕೊನೆಯ ಗುಡುಗಾಗಿ ಅರ್ಧ ಗಂಟೆ ಆಗುವವರೆಗೆ ಅಜ್ಜಿಯನ್ನೂ ಹೊರಗೆ ಬಿಡಬೇಡಿ.